ಹದಿನಾರು ಕನಸುಗಳ ಹಾಲು

ಆಯಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೂ ಸೀಳಿತ್ತು. ಆ ಉಗುರಿನಿಂದ ಅವಳು ಹಿತ್ತಾಳೆ ಚರಿಗೆಯ ಕಂಠಕ್ಕೆ ತಟ್ಟಿದರೆ ಒಂದು ಪೆಟ್ಟಿಗೆ ಎರಡು ಸದ್ದು ಬರುತ್ತಿತ್ತು: ಮೊದಲು ಗಟ್ಟಿಯಾದದ್ದು, ಅದರ ಬೆನ್ನಿಗೇ ಕೂದಲೆಳೆಯಷ್ಟು ತೆಳುವಾದ ಇನ್ನೊಂದು. ಮೂಡಲಗಿಯ ಮನೆಯಲ್ಲಿ ನಾನಿದ್ದ ಆರು ವರ್ಷವೂ ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದು ಈ ಸದ್ದಿಗೆ. ಅದು ಕೇಳಿತೆಂದರೆ ಮೊದಲನೆಯ ಎಮ್ಮೆಯನ್ನು ಹಿಂಡಿಯಾಗಿದೆ, ಇನ್ನು ಹಾಡು ಶುರುವಾಗುತ್ತದೆ ಎಂದು ಅರ್ಥ. ನಾನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದೆ. ಮೇಲೆ ಮಾಳಿಗೆಯ ಬೆಳಕಿಂಡಿಯಿಂದ ಮಾಸಲು ಬೆಳಕಿನ ಒಂದು ಕಂಬ ಪಡಸಾಲೆಗೆ ಇಳಿದಿರುತ್ತಿತ್ತು. ಪಡಸಾಲೆಯ ಕೆಳಗಿನ ಹಂತದಲ್ಲೇ ದನಗಳ ಜಾಗ. ಅಲ್ಲಿಂದ ಆಯಿಯ ಧ್ವನಿ ಏಳುತ್ತಿತ್ತು.

ಆಯಿ ನನ್ನ ತಂದೆಯ ತಾಯಿ. ತಂದೆಗೆ ಹುಕ್ಕೇರಿಯ ಕಚೇರಿಯಲ್ಲಿ ನೌಕರಿ. ತಮ್ಮ ಹುಟ್ಟಿದ ಮೇಲೆ ತಾಯಿಯ ಆರೋಗ್ಯ ಕೆಟ್ಟಿದ್ದರಿಂದ ಐದನೆಯ ವಯಸ್ಸಿನಲ್ಲಿ ನನ್ನನ್ನು ಮೂಡಲಗಿಗೆ ತಂದು ಬಿಟ್ಟರು. ಅಲ್ಲಿ ಆಯಿ, ತಂದೆಯ ತಮ್ಮ ಬಾಳಕಾಕಾ, ಅವನ ಹೆಂಡತಿ ಕಾಕೂ, ಮೂರು ಎಮ್ಮೆ. ಬಂದ ಮೊದಲ ವಾರ ನಾನು ಯಾರೊಂದಿಗೂ ಮಾತಾಡಲಿಲ್ಲವಂತೆ. ಆಯಿ ಒತ್ತಾಯ ಮಾಡಲಿಲ್ಲ. ಎಮ್ಮೆ ಹಿಂಡುವಾಗ ಬಾಜೂಕ್ಕೆ ಕೂರಿಸಿಕೊಂಡು ಹಾಡಿದಳು, ಅಷ್ಟೇ. ಇಂದಿಗೂ ನಾಲ್ಕು ಜನರ ನಡುವೆ ನನಗೆ ಮಾತು ಬರುವುದು ತಡ. ಕಾಲೇಜಿನಲ್ಲಿ ಗೆಳತಿಯರು ಅದನ್ನು ಸೊಕ್ಕು ಎಂದುಕೊಂಡಿದ್ದರು. ಆಯಿ ಒಬ್ಬಳು ಮಾತ್ರ ಅದಕ್ಕೆ ಹೆಸರಿಡಲಿಲ್ಲ.

ಹಾಡಿಗೂ ಹಾಲಿಗೂ ಇದ್ದ ಸಂಬಂಧವನ್ನು ಹೇಳಬೇಕು. ಹಿಂಡಿದ ಹಾಲನ್ನು ಸೋಸಿ ಎರಡು ಘಳಿಗೆಯೊಳಗೆ ಕಾಯಿಸಬೇಕೆಂಬುದು ನಮ್ಮ ಜೈನರ ಮನೆಗಳ ನೇಮ. ಆ ಗಡಿ ದಾಟಿದರೆ ಹಾಲಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಆಮೇಲೆ ಅದನ್ನು ಒಲೆಗಿಟ್ಟರೆ ಅವುಗಳ ಕೊಲೆ ನಮ್ಮ ಕೈಯಿಂದ ಆಗುತ್ತದೆ. ಗಡಿಯಾರವಿಲ್ಲದ ಮನೆಯಲ್ಲಿ ಎರಡು ಘಳಿಗೆಯನ್ನು ಅಳೆಯುವುದು ಹೇಗೆ? ಆಯಿ ಹಾಡಿನಿಂದ ಅಳೆಯುತ್ತಿದ್ದಳು. ತೀರ್ಥಂಕರನ ತಾಯಿ ಗರ್ಭ ಧರಿಸುವ ಮುನ್ನ ಕಂಡ ಹದಿನಾರು ಕನಸುಗಳ ಹಾಡು ಅದು. ಆನೆಯಿಂದ ಶುರುವಾಗಿ ಎತ್ತು, ಸಿಂಹ, ಲಕ್ಷ್ಮಿ ಎಂದು ಸಾಗಿ, ನಡುವೆ ಜೋಡಿ ಮೀನುಗಳನ್ನು ದಾಟಿ, ಹೊಗೆಯಿಲ್ಲದ ಬೆಂಕಿಯಲ್ಲಿ ಮುಗಿಯುತ್ತದೆ. ಆಯಿ ಅದನ್ನು ಬೆಲ್ಲದ ಬಾಗೇವಾಡಿಯ ತವರಿನಲ್ಲಿ ತನ್ನ ತಾಯಿಯಿಂದ ಕಲಿತದ್ದು. ಒಂದೊಂದು ಕನಸಿಗೂ ಒಂದೇ ಅಳತೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಹದಿನಾರು ಮುಗಿದರೆ ಎರಡು ಘಳಿಗೆ. ಅಷ್ಟರೊಳಗೆ ಮೂರೂ ಎಮ್ಮೆಯ ಹಾಲು ಸೋಸಿ, ಒಲೆಯೇರಿ, ಉಕ್ಕಬೇಕು.

ಹೀಗಾಗಿ ನಮ್ಮ ಮನೆಯ ಮಾತೇ ಬೇರೆಯಾಗಿತ್ತು.

“ಮೀನು ಬಂದ್ವು, ಇನ್ನೂ ಒಲಿ ಹಚ್ಚಿಲ್ಲೇನ?” ಎಂದು ಕಾಕಾ ಅಡಿಗೆಮನೆಯತ್ತ ಕೂಗುತ್ತಿದ್ದ.

“ಕಟ್ಟಿಗಿ ಹಸಿ ತಂದು ಹಾಕಿ, ಮೀನಿನ ಸುದ್ದಿ ಹೇಳ್ತೀರಿ. ನೀವ ಬಂದು ಊದ್ರಿ,” ಎನ್ನುತ್ತಿದ್ದಳು ಕಾಕೂ.

ಆಯಿಯ ಧ್ವನಿ ಸಣ್ಣದಾಗಿರಲಿಲ್ಲ. ಗೋಡೆಯಾಚೆಯ ಐದು ಜೈನ ಮನೆಗಳಲ್ಲೂ ಅದೇ ಹಾಡಿಗೆ ಹಾಲು ಕಾಯುತ್ತಿತ್ತು. ಆ ಐದರಲ್ಲಿ ಹಿಂದಿನ ಮನೆಯ ಚಂದವ್ವ ಆಯಿಗಿಂತ ನಾಲ್ಕು ವರ್ಷ ಚಿಕ್ಕವಳು, ಎಲ್ಲದಕ್ಕೂ ಕೊಂಕು ತೆಗೆಯುವವಳು. ಅವಳೂ ಆಯಿಯ ಆನೆ ಕೇಳಿದ ಮೇಲೆಯೇ ತನ್ನ ಎಮ್ಮೆಯ ಕೆಳಗೆ ಕೂರುತ್ತಿದ್ದಳು. ಆಯಿಗೆ ಜ್ವರ ಬಂದ ದಿನ ಓಣಿಯೇ ಕಂಗಾಲು. ಯಾರೋ ಒಬ್ಬರು ಬಾಗಿಲಿಗೆ ಬಂದು, “ಇವತ್ತ ಹಾಡಿಲ್ಲೇನ್ರಿ?” ಎಂದು ಕೇಳುವರು. ಆಯಿ ಕಂಬಳಿ ಹೊದ್ದುಕೊಂಡೇ ಎದ್ದು ಕೂತು ಹಾಡುತ್ತಿದ್ದಳು.

ಗೋಕಾಕದಲ್ಲಿ ಪ್ಲೇಗು ಬಂದ ವರ್ಷದ ಕತೆಯನ್ನು ನಾನು ಕೇಳಿದ್ದು ಕಾಕಾನಿಂದ. ಆಗ ಅಜ್ಜನ ಬಟ್ಟೆ ಅಂಗಡಿ ಗೋಕಾಕದ ಪೇಟೆಯಲ್ಲಿತ್ತು. ಊರು ಬಿಟ್ಟು ಎಲ್ಲರೂ ಘಟಪ್ರಭೆಯ ಆಚೆ ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿಕೊಂಡಿದ್ದರು. ಅಲ್ಲೇ ಅಜ್ಜ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಆಯಿಗೆ ಮೂವತ್ತೂ ಆಗಿರಲಿಲ್ಲ. ಒಂಬತ್ತು ವರ್ಷದ ಮಗಳು ಪದ್ಮಾ, ಅವಳ ಕೆಳಗೆ ಇಬ್ಬರು ಗಂಡುಮಕ್ಕಳು. ಸಂಸ್ಕಾರ ಮುಗಿದ ಮರುದಿನವೂ ಆಯಿ ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿದಳು, ಎಮ್ಮೆಯ ಕೆಳಗೆ ಕೂತಳು. ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಆಗ ಪದ್ಮಾಳನ್ನು ಕರೆದು, “ನಾ ಚರಗಿ ಬಡೀತೀನಿ, ನೀ ಹಾಡ” ಎಂದಳಂತೆ. ಆ ಗುಡಿಸಲಿನಲ್ಲಿ ನಾಲ್ಕು ತಿಂಗಳು ಆ ಹುಡುಗಿಯೇ ಹಾಡಿದಳು. ಮೂಡಲಗಿಯ ಹೊಲಕ್ಕೆ ಬಂದು ಸೇರಿದ ಮೇಲೆ ಆಯಿಯ ಧ್ವನಿ ಮರಳಿತು. ನಾನು ಈ ಕತೆಯ ಬಗ್ಗೆ ಕೇಳಿದಾಗ ಆಯಿ ಹೇಳಿದ್ದು ಇಷ್ಟೇ:

“ಗಂಡ ಸತ್ರೂ ಹಾಲು ಕೆಡೂದು ಬಿಡತೈತೇನ?”

ನನಗೆ ಒಂಬತ್ತು ವರ್ಷವಾಗಿದ್ದಾಗ ಮುನಿಗಳೊಬ್ಬರು ಮೂಡಲಗಿಗೆ ಬರುತ್ತಾರೆಂಬ ಸುದ್ದಿ ಬಂತು. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ಜೋಡಿಸಿದ ಅಂಗೈಗಳಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಯಾರ ಮನೆ ಎಂದು ಮೊದಲೇ ತಿಳಿಸುವುದಿಲ್ಲ. ಮನೆ ಮನೆಯವರೂ ಸಿದ್ಧರಾಗಿ ಬಾಗಿಲಲ್ಲಿ ನಿಲ್ಲಬೇಕು, ಅವರು ನಿಂತಲ್ಲಿ ಮನೆಯ ಹಿರಿಯರು ಮನಸ್ಸು, ಮಾತು, ಮೈ ಶುದ್ಧವಾಗಿವೆ, ಆಹಾರ ನೀರು ಶುದ್ಧವಾಗಿವೆ ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಮನೆಯಲ್ಲಿ ಅದನ್ನು ಹೇಳುವವಳು ಆಯಿ. ಮೂಡಲಗಿಗೆ ಬಂದ ಮೊದಲ ವರ್ಷಗಳಲ್ಲಿ ಎರಡು ಸಲ ಅವಳು ಹಾಗೆ ಹೇಳಿದ್ದಳು, ಎರಡು ಸಲವೂ ಮುನಿಗಳು ಆ ಮಾತನ್ನು ನಂಬಿ ಅವಳ ಕೈಯಿಂದ ಹಾಲು ಕುಡಿದಿದ್ದರು.

ಅದೇ ಸುಮಾರಿಗೆ ಕಾಕಾ ಗೋಕಾಕದಿಂದ ಹೇಳಿದ ಹೊತ್ತಿಗೆ ಗಂಟೆ ಬಾರಿಸುವ ಒಂದು ಗಜರದ ಗಡಿಯಾರ ತಂದ. ಅಂಗೈಯಗಲದ್ದು, ಬೆನ್ನಿಗೆ ಎರಡು ಕೀಲಿ. ಕಾಕಾನಿಗೆ ಕುಶಾಲು.

“ಅವ್ವಾ, ನಿನ್ನ ಹಾಡಿಗೂ ಇದಕ್ಕೂ ಪೈಜ ಕಟ್ಟೂಣು ಬಾ.”

“ಕಟ್ಟೋ. ಅದು ನಿನ್ನೆ ಹುಟ್ಟಿದ್ದು, ನಂದು ನಮ್ಮವ್ವನ ಕಾಲದ್ದು. ಯಾರು ಸೋಲ್ತಾರ ನೋಡೂಣು,” ಎಂದಳು ಆಯಿ.

ಗಡಿಯಾರ ನೋಡುವುದನ್ನು ಸಾಲೆಯಲ್ಲಿ ಕಲಿತವಳು ನಾನೊಬ್ಬಳೇ, ಹೀಗಾಗಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು. ಮರುದಿನ ಬೆಳಿಗ್ಗೆ ಚರಿಗೆಯ ಸದ್ದಾದಾಗ ಮುಳ್ಳು ಎಲ್ಲಿತ್ತೆಂದು ನೋಡಿಕೊಂಡೆ. ಹೊಗೆಯಿಲ್ಲದ ಬೆಂಕಿ ಮುಗಿದಾಗ ಮತ್ತೆ ನೋಡಿದೆ. ಒಳಗೆ ಹಾಲು ಆಗಷ್ಟೇ ಉಕ್ಕಿತ್ತು. ಎರಡು ಸಲ ಎಣಿಸಿದೆ. ಆಮೇಲೆ, ಸಾಲೆಯಲ್ಲಿ ಮಾಸ್ತರರಿಗೆ ಉತ್ತರ ಹೇಳುವ ಹಾಗೆ ಎದ್ದು ನಿಂತು ಹೇಳಿದೆ:

“ಐವತ್ತೈದು ನಿಮಿಷ. ಎರಡು ಘಳಿಗಿ ಅಂದ್ರ ನಲವತ್ತೆಂಟು. ಏಳು ಹೆಚ್ಚಾತು ಆಯಿ.”

“ಬಾಯಿ ಮುಚ್ಚ. ಬಲು ಶ್ಯಾಣ್ಯಾಕಿ ಬಂದ್ಲು ನೋಡು!” ಎಂದಳು ಕಾಕೂ ಅಡಿಗೆಮನೆಯಿಂದ.

ಕಾಕಾನ ನಗು ಮುಖದಲ್ಲೇ ನಿಂತುಬಿಟ್ಟಿತು. “ಹೊಸಾ ಗಡಿಯಾರ ಅವ್ವಾ, ಓಡತಿರಬೇಕು. ಪ್ಯಾಟ್ಯಾಗ ಮೋಸ ಮಾಡ್ಯಾನ ಮಗಾ.”

ಆಯಿ ಚರಿಗೆ ತೊಳೆದಿಟ್ಟಳು. ಮಧ್ಯಾಹ್ನ ಕಾಕಾನನ್ನು ಗಡಿಯಾರದೊಂದಿಗೆ ಮಾಮಲೇದಾರರ ಕಚೇರಿಯ ಗುರುತಿನ ಗುಮಾಸ್ತರೊಬ್ಬರ ಮನೆಗೆ ಕಳಿಸಿದಳು. ಅವರ ಕಿಸೆಯ ಗಡಿಯಾರಕ್ಕೂ ನಮ್ಮದಕ್ಕೂ ಸಂಜೆಯವರೆಗೆ ಕೂದಲಷ್ಟೂ ವ್ಯತ್ಯಾಸ ಬರಲಿಲ್ಲ. ಮತ್ತೆರಡು ಬೆಳಿಗ್ಗೆ ನನ್ನನ್ನೇ ಕೂರಿಸಿ ಹಾಡಿದಳು. ಒಂದು ದಿನ ಐವತ್ತೈದು, ಇನ್ನೊಂದು ದಿನ ಐವತ್ತಾರು. ಮೂರನೆಯ ದಿನ ನಾನು ಸುಳ್ಳು ಹೇಳಬೇಕೆಂದು ನಿರ್ಧರಿಸಿಯೇ ಕೂತಿದ್ದೆ. ಆದರೆ ಆಯಿ ನನ್ನ ಮುಖ ನೋಡಿ, “ಇದ್ದದ್ದು ಹೇಳ” ಎಂದಾಗ ಇದ್ದದ್ದೇ ಬಾಯಿಗೆ ಬಂತು.

“ಗಡಿಯಾರಕ್ಕ ಮುಪ್ಪು ಬರೂದಿಲ್ಲ. ನನಗ ಬಂದೈತಿ,” ಎಂದಳು ಆಯಿ. “ನಾ ನಿಧಾನ ಆಗೇನಿ. ಯಾವಾಗಿಂದ ಅಂತ ಗೊತ್ತಾಗಬೇಕು. ಮಾರಾಜ್ರಿಗೆ ಹಾಲು ಕೊಟ್ಟಾಗ ಹಾಡು ಎಷ್ಟಿತ್ತು? ಶುದ್ಧ ಐತಿ ಅಂತ ಹೇಳೇನಲ್ಲ ನಾನು, ಈ ಬಾಯಿಲೆ.”

“ನಲವತ್ತು ವರ್ಷದ ಹಿಂದಿನ ಹಾಡು ಈಗ ಎಲ್ಲಿಂದ ತರ್ತಿ ಅವ್ವಾ?” ಎಂದ ಕಾಕಾ.

ಆಯಿ ಎದ್ದು ಗಡಿಯಾರವನ್ನು ಕೈಗೆತ್ತಿಕೊಂಡಳು. “ಚಕ್ಕಡಿ ಹೂಡು,” ಎಂದಳು.

ನಾವು ಹೋದದ್ದು ಮಮದಾಪುರಕ್ಕೆ, ಪದ್ಮತ್ತಿಯ ಮನೆಗೆ. ಗುಡಿಸಲಿನಲ್ಲಿ ನಾಲ್ಕು ತಿಂಗಳು ಹಾಡಿದ ಆ ಹುಡುಗಿ ಮಮದಾಪುರಕ್ಕೆ ಸೊಸೆಯಾಗಿ ಹೋಗಿ, ಅಂದಿನಿಂದ ಅಲ್ಲಿಯ ಅಡಿಗೆಮನೆಯಲ್ಲಿ ಅದೇ ಹಾಡಿಗೆ ಹಾಲು ಕಾಯಿಸುತ್ತಿದ್ದಳು. ಗಡಿಯಾರವನ್ನು ಆಯಿ ಹಳೆಯ ಸೀರೆಯಲ್ಲಿ ಸುತ್ತಿ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಏಕೆ ಬಂದೆವೆಂದು ಪದ್ಮತ್ತಿಗೆ ಹೇಳಲಿಲ್ಲ. ಹೇಳಿದರೆ ಅವಳು ಗಡಿಯಾರಕ್ಕಾಗಿ ಹಾಡುತ್ತಾಳೆ, ಹಾಲಿಗಾಗಿ ಅಲ್ಲ ಎಂಬುದು ಆಯಿಯ ಲೆಕ್ಕ. ಮರುದಿನ ಬೆಳಿಗ್ಗೆ ಗೋದಲಿಯ ಹತ್ತಿರ ಆಯಿ ಕೂತಳು, ಅವಳ ಬೆನ್ನ ಹಿಂದೆ ಸೀರೆಯ ಗಂಟು ಬಿಚ್ಚಿಕೊಂಡು ನಾನು.

ಪದ್ಮತ್ತಿ ಹಾಡತೊಡಗಿದಳು. ಅದು ಆಯಿಯದೇ ಧ್ವನಿ. ಮೇಲೇರುವಾಗ ಸ್ವಲ್ಪ ಒಡೆಯುವುದೂ ಹಾಗೆಯೇ. ಆದರೆ ಅದರ ನಡೆ ಚುರುಕಾಗಿತ್ತು. ಆಯಿಯ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೊದಲ ಕನಸಿನಲ್ಲಿ ಕೈಯೂ ಹಾಡೂ ಕೂಡಿದ್ದವು. ಮೂರನೆಯದರಲ್ಲಿ ಕೈ ಹಿಂದೆ ಬಿತ್ತು. ಆಯಿ ಅದನ್ನು ಕಂಡಳು. ಕೈಯನ್ನು ಮುಷ್ಟಿ ಮಾಡಿ ಸೆರಗಿನಲ್ಲಿ ಅಡಗಿಸಿಕೊಂಡಳು, ಕಣ್ಣು ಮುಚ್ಚಿ ಕೇಳಿದಳು. ನಾನು ಗಡಿಯಾರವನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ತನ್ನ ಮೂವತ್ತನೆಯ ವಯಸ್ಸನ್ನು ಎದುರಿಗೆ ಕೂತು ಕೇಳಿಸಿಕೊಳ್ಳುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅವಳ ತುಟಿ ಒಮ್ಮೆಯೂ ಅಲುಗಲಿಲ್ಲ.

ಹಾಡು ಮುಗಿದಾಗ ನಾನು ಕಿವಿಯಲ್ಲಿ ಹೇಳಿದೆ: “ನಲವತ್ತೇಳೂವರಿ.”

ಪದ್ಮತ್ತಿ ಚರಿಗೆ ಹಿಡಿದು ಹತ್ತಿರ ಬಂದಳು.

“ಏನದು, ನಿನ್ನ ಬೆನ್ನಾಗ ಟಿಕ್ ಟಿಕ್ ಅನ್ನಾಕತ್ತೇತಿ? ನನ್ನ ಹಾಲಿನ ಮ್ಯಾಲ ಸಂಶೆ ಬಂತೇನವ್ವಾ ನಿನಗ?”

“ನಿನ್ನ ಮ್ಯಾಲಲ್ಲ ಪದ್ದೂ,” ಎಂದಳು ಆಯಿ. ಅವಳ ಕಣ್ಣಲ್ಲಿ ನೀರು ನಿಂತಿತ್ತು. “ನೀ ಹಾಡು ಖರೇನ ಇಟ್ಟೀದಿ. ನಾ ಕಳಕೊಂಡೇನಿ.”

ಮುನಿಗಳೆದುರು ಹಿಂದೆ ಎರಡು ಸಲ ಹೇಳಿದ ಮಾತಿಗೆ ಕುಂದಿಲ್ಲವೆಂದು ಈಗ ಗೊತ್ತಾಗಿತ್ತು. ಮುಂದಿನದು ಉಳಿದಿತ್ತು. ಹಾಡು ಬಿಟ್ಟು ಗಡಿಯಾರ ನೋಡಿ ಹಾಲು ಕಾಯಿಸೋಣವೆಂದು ಕಾಕಾ ಹೇಳಿದಾಗ, “ನೀ ಕೀಲಿ ಕೊಡೂದು ಮರೀತಿ” ಎಂದಳು ಆಯಿ. ಅದು ನಿಜವಾಗಿತ್ತು, ಅಷ್ಟರಲ್ಲೇ ಅದು ಎರಡು ಸಲ ನಿಂತುಹೋಗಿತ್ತು. ನನ್ನನ್ನು ಮಮದಾಪುರದಲ್ಲಿ ಎಂಟು ದಿನ ಬಿಟ್ಟಳು, ಪದ್ಮತ್ತಿಯ ಬಾಯಿಂದ ನಡೆ ಹಿಡಿದುಕೊಂಡು ಬರಲೆಂದು. ಮನೆಯವರೆದುರು ಬಾಯಿ ಬಿಡದ ನಾನು ಹಾಡುವುದೆಂದರೆ? ಅಳು ಬಂದಿತ್ತು. ಆಯಿ ಚಕ್ಕಡಿ ಹತ್ತುವ ಮುನ್ನ ನನ್ನ ಹೆಗಲ ಮೇಲೆ ಕೈಯಿಟ್ಟಳು.

“ಏಳು ಹೆಚ್ಚಾತು ಅಂತ ಎಲ್ಲಾರ ಮುಂದ ನಿಂತು ಹೇಳಿದ್ಯಲ್ಲ, ಅವತ್ತ ಬಾಯಿ ಎಲ್ಲಿಂದ ಬಂತು? ಅಲ್ಲಿಂದನ ಹಾಡ.”

ಮುನಿಗಳು ಬಂದ ದಿನ ನಾನು ಹಾಡಿದೆ. ಆಯಿ ಹಿಂಡಿದಳು, ಸೋಸಿದಳು. ನನ್ನ ಧ್ವನಿ ಗೋಡೆ ದಾಟಿ ಐದು ಮನೆಗಳಿಗೂ ಕೇಳಿಸುತ್ತಿದೆ, ಅಲ್ಲಿಯ ಒಲೆಗಳೂ ಇದರ ಲೆಕ್ಕಕ್ಕೇ ಉರಿಯುತ್ತಿವೆ ಎಂಬುದು ನೆನಪಾಗಿ ನಡುವೆ ಕಣ್ಣು ಮುಚ್ಚಿಕೊಂಡೆ, ಆದರೆ ನಡೆ ತಪ್ಪಲಿಲ್ಲ. ಹದಿನೈದನೆಯ ಕನಸಿನಲ್ಲೇ ಹಾಲು ಉಕ್ಕಿತು. ಮುನಿಗಳು ಓಣಿಯಲ್ಲಿ ತಲೆ ತಗ್ಗಿಸಿ ನಡೆದು ಬಂದರು, ಮೂರು ಬಾಗಿಲು ದಾಟಿದರು, ನಮ್ಮ ಬಾಗಿಲ ಮುಂದೆ ನಿಂತರು. ಆಯಿ ಕಳಶ ಹಿಡಿದು ನಮಸ್ಕರಿಸಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಆಹಾರ ನೀರು ಶುದ್ಧ. ಆ ನಾಲ್ಕು ಮಾತಿನ ಹಿಂದೆ ಏನೇನಿದೆ ಎಂಬುದು ಅಲ್ಲಿ ನೆರೆದ ಹೊರಗಿನ ಯಾರಿಗೂ ಗೊತ್ತಿರಲಿಲ್ಲ.

ಮುನಿಗಳು ಒಳಗೆ ಬಂದು ನಿಂತು ಅಂಗೈ ಜೋಡಿಸಿದರು. ನೀರು ತೆಗೆದುಕೊಂಡರು. ಅನ್ನ, ತೊವ್ವೆ ತೆಗೆದುಕೊಂಡರು. ಆಯಿ ಹಾಲಿನ ತಂಬಿಗೆ ಎತ್ತಿದಳು. ಆಗ ಅವರ ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡವು. ಆ ಋತುವಿಗೆ ಅವರು ಹಾಲನ್ನು ತ್ಯಜಿಸಿದ್ದರು. ಆಹಾರದ ಹೊತ್ತಿನಲ್ಲಿ ಅವರು ಮಾತಾಡುವುದಿಲ್ಲವಾದ್ದರಿಂದ ಹಾಗೆ ತಿಳಿಸಿದರು. ಆಯಿ ತಂಬಿಗೆಯನ್ನು ಕೆಳಗಿಟ್ಟು ನೀರಿನ ಪಾತ್ರೆಯನ್ನು ಕೈಗೆತ್ತಿಕೊಂಡಳು.

ಮುನಿಗಳು ಬಸದಿಗೆ ಮರಳಿದ ಮೇಲೆ ಕಾಕಾ ಕಂಬಕ್ಕೊರಗಿ ಕೂತ.

“ಹಾಲ ಬಿಟ್ಟಾರಂತ! ಅದಕ್ಕ ನಾವು ಮಮದಾಪುರಕ್ಕ ಹೋಗಿ, ಗಡಿಯಾರ ಹೊತ್ತು... ಮೊದಲ ಗೊತ್ತಿದ್ರ ಎತ್ತಿಗಾದ್ರೂ ಆರಾಮ ಸಿಗ್ತಿತ್ತು.”

ಆಯಿ ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು. ಆ ಹಾಲಿನಲ್ಲಿ ಮೊದಲ ಲೋಟ ನನಗೆ ಕೊಟ್ಟಳು. ಆ ಹೊತ್ತಿಗೆ ಓಣಿಯ ಹೆಂಗಸರು ಪಡಸಾಲೆಯಲ್ಲಿ ತುಂಬಿದ್ದರು. ಚಂದವ್ವ ಎಲ್ಲರಿಗಿಂತ ಮುಂದೆ, ಕಾಕೂವಿನ ಎದುರಿಗೇ.

“ಅಲ್ಲವಾ, ಇಂಥಾ ದಿನಾನ ನಿಮ್ಮತ್ತಿ ಹಾಡಲಿಲ್ಲಲ್ಲ? ಈ ಮೂಗೀನ ಕುಂಡ್ರಿಸಿದ್ರಿ. ಅದೂ ಕುದರಿ ಓಡಿದಂಗ ಓಡಿಸಿತು ಹಾಡು.”

“ಗಂಟಲ ಕಟ್ಟೇತ್ರಿ ಅವರಿಗೆ,” ಎಂದಳು ಕಾಕೂ ಥಟ್ಟನೆ.

ಆಯಿ ಒಳಗೆ ಪಾತ್ರೆ ಎತ್ತಿಡುತ್ತಿದ್ದವಳು ಹೊರಗೆ ಬಂದು ಕಾಕೂವಿನ ಕಡೆ ನೋಡಿದಳು. ಎಲ್ಲರೂ ಹೋದ ಮೇಲೆ ಕಾಕೂ ತಾನೇ ಮಾತು ತೆಗೆದಳು.

“ಏನ ಹೇಳಲಿ ಅತ್ತಿ? ನಿಮ್ಮ ಮರ್ಯಾದಿ ಉಳಸಾಕ ಅಂದೆ. ಈಗೆಲ್ಲಾ ಸರಿ ಆಗೇತೆಲ್ಲ. ಮಾರಾಜ್ರು ಹಾಲ ಮುಟ್ಟಲೇ ಇಲ್ಲ. ಇನ್ನ ಮ್ಯಾಲ ಹುಡುಗಿ ಹಾಡತೈತಿ. ಯಾರಿಗೆ ಗೊತ್ತಾಗೂದೈತಿ?”

ಕಾಕಾನೂ ಹೌದೆಂದ. ಓಣಿಯಲ್ಲಿ ನಲವತ್ತು ವರ್ಷದಿಂದ ಗಳಿಸಿದ ಹೆಸರು, ಅದನ್ನು ಏಳು ನಿಮಿಷಕ್ಕೆ ಕೆಡಿಸಿಕೊಳ್ಳುವುದೇ, ಎಂದ. ಆಯಿ ಸೂರ್ಯ ಮುಳುಗುವ ಮುನ್ನ ಊಟ ಮುಗಿಸಿ, ಜಪಮಾಲೆ ಹಿಡಿದು ಕೂತಳು. ವಿಷಯ ಮುಗಿಯಿತೆಂದು ನಾನೂ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಚರಿಗೆಯ ಸದ್ದು ಬರಲಿಲ್ಲ. ಆಯಿ ಮಿಂದು, ಬಿಳಿಯ ಸೀರೆಯುಟ್ಟು ನನ್ನ ಹಾಸಿಗೆಯ ಪಕ್ಕ ನಿಂತಿದ್ದಳು. ಮುಖ ತೊಳೆಸಿ, ಕೈ ಹಿಡಿದು ಹೊರಟಳು. ಎಮ್ಮೆಗಳನ್ನು ಯಾರೂ ಹಿಂಡಿರಲಿಲ್ಲ. ಹಾಡು ಕೇಳದೆ ಓಣಿಯ ಯಾವ ಮನೆಯಲ್ಲೂ ಹಿಂಡುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಐದೂ ಮನೆಗಳ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು:

“ನನ್ನ ಗಂಟಲ ಕಟ್ಟಿಲ್ಲವಾ. ನನ್ನ ಹಾಡು ನಿಧಾನ ಆಗೇತಿ, ಎರಡು ಘಳಿಗಿ ಮೀರತೈತಿ. ನನ್ನ ನಂಬಿ ನೀವು ಕಾಯ್ಸಿದ ಹಾಲಿನ ದೋಷ ನನಗಿರಲಿ. ಇವತ್ತಿಂದ ಈ ಹುಡುಗಿ ಹಾಡಿಗೆ ಕಾಯ್ಸರಿ.”

ಯಾರೋ ಅವಳ ಕಾಲು ಮುಟ್ಟಿದರು. ಯಾರೋ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕೊನೆಯದು ಚಂದವ್ವನ ಮನೆ. ಅವಳು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

“ಅಂದ್ರ ಎಷ್ಟ ವರ್ಷ ಆತು ಹಿಂಗ?”

“ಗೊತ್ತಿಲ್ಲ ಚಂದವ್ವಾ. ಗೊತ್ತಿದ್ರ ಅದನ್ನೂ ಹೇಳ್ತಿದ್ದೆ.”

ಚಂದವ್ವ ಸೊಂಟದ ಮೇಲಿನ ಕೈಗಳನ್ನು ಇಳಿಸಿದಳು. ಆಯಿ ಅವಳಿಗೆ ಕೈ ಮುಗಿದು, ನನ್ನ ಕೈ ಬಿಡದೆ ಮನೆಗೆ ಬಂದು, ಕಾಲು ತೊಳೆದು, ಹೊತ್ತು ಮೀರಿ ಕಾಯುತ್ತಿದ್ದ ಮೊದಲನೆಯ ಎಮ್ಮೆಯ ಕೆಳಗೆ ಕೂತಳು.